ಏಳನೇ ನಂಬರಿನ ಓಣಿ

ಜನವರಿ 9

ಮಿದುಳಿನ ಅಲೆ ಹಿಡಿಯುವ ಇಲಾಖೆಯ ಸರ್ವಾಧಿಕಾರಿಣಿಯೂ ಈ ಬಡಪಾಯಿಯ ಏಕೈಕ ಅಕ್ಕನೂ ಆದ ತಮ್ಮ ಸನ್ನಿಧಾನಕ್ಕೆ,

ತಮ್ಮ ಕಟ್ಟು ಸುಖವಾಗಿ ತಲುಪಿತು. ಏಳು ರೋಗಿಗಳ ಮಿದುಳಿನ ಅಲೆಗಳನ್ನು ಬೆಂಕಿಪೊಟ್ಟಣದಷ್ಟು ಡಬ್ಬಿಯಲ್ಲಿ ತುಂಬಿ, ಹತ್ತಿ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ "ಬೀಳಿಸಬೇಡ ಕೋತಿ" ಎಂದು ಬರೆದಿದ್ದೀರಿ. ಅಂಚೆಯಣ್ಣ ನನ್ನನ್ನು ಅದೇ ಹೆಸರಿನಿಂದ ಕೂಗಿ ಸಹಿ ಹಾಕಿಸಿಕೊಂಡ. ಈಗ ನಮ್ಮ ಕಟ್ಟಡದ ಕಾವಲುಗಾರನಿಗೂ ನಾನು ಕೋತಿಯೇ.

ಆಸ್ಪತ್ರೆಯ ಅಲೆಗಳು ಇಂಟರ್‌ನೆಟ್ಟಿನಲ್ಲಿ ಹೋಗಕೂಡದು, ಡಬ್ಬಿಯಲ್ಲೇ ಹೋಗಬೇಕು ಎಂದು ನಿಯಮ ಮಾಡಿದವರು ಚೆನ್ನಾಗಿರಲಿ. ಇಲ್ಲದಿದ್ದರೆ ನೀನು ನನಗೆ ಕಾಗದ ಬರೆಯುತ್ತಿದ್ದೆಯಾ? ಫೋನಂತೂ ನಾವು ಮಾಡುವವರಲ್ಲ. ಇಪ್ಪತ್ತೊಂಬತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬಂದವಳ ಮಕ್ಕಳು. ಹಲೋ ಅನ್ನುವ ಮೊದಲೇ, ಬರೀ ಉಸಿರಿನಲ್ಲೇ ಅಮ್ಮ ನಮ್ಮ ಸುಳ್ಳು ಹಿಡಿಯುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು, ಆ ಹೆದರಿಕೆ ಮಾತ್ರ ಹೋಗಿಲ್ಲ.

ಈಗ ಸಂಶೋಧನಾ ವರದಿ. ವಿಜ್ಞಾನದ ಹಿತಕ್ಕಾಗಿ ನಾನು ನಮ್ಮ ಕಟ್ಟಡದಲ್ಲಿ ಒಂದು ಸುಳ್ಳು ಬಿಟ್ಟೆ: ಸೋಮವಾರದಿಂದ ಲಿಫ್ಟಿನಲ್ಲಿ ನಮ್ಮ ನಿರ್ದೇಶಕರು ಸ್ವತಃ ಹಾಡಿದ ಹಾಡು ಬರುತ್ತದಂತೆ. ಮೂರು ಕಡೆ, ಮೂರೇ ಜನಕ್ಕೆ ಹೇಳಿದ್ದು. ಮೊದಲನೆಯ ಮಹಡಿಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಕೂರುತ್ತಾರೆ. ಸುಳ್ಳು ಮೊದಲ ಕಿವಿಯಲ್ಲೇ ಸತ್ತಿತು. ಮೂರನೆಯದು ಗೋಡೆಯಿಲ್ಲದ ದೊಡ್ಡ ಹಜಾರ. ಅರ್ಧ ಗಂಟೆಯಲ್ಲಿ ಎಲ್ಲರಿಗೂ ಹಬ್ಬಿ, ಗದ್ದಲವಾಗಿ, ಊಟದ ಹೊತ್ತಿಗೆ ಪೂರ್ತಿ ಆರಿಹೋಯಿತು. ಆದರೆ ನೆಲಮಾಳಿಗೆಯಲ್ಲಿ ಗಾಜಿನ ಸಾಮಾನು ತೊಳೆಯುವ ನಾಲ್ವರಿದ್ದಾರೆ. ಅವರ ಮಾತೆಲ್ಲ ಅವರವರಲ್ಲೇ. ಹೊರಗಿನ ಲೋಕಕ್ಕೆ ಇರುವುದು ಒಂದೇ ಬಾಗಿಲು. ಮೂರು ವಾರದ ಮೇಲೆ ನಿನ್ನೆ ಹೋದರೆ ಅವರಿನ್ನೂ, "ಗಂಟಲು ಕೆಟ್ಟಿದೆಯಂತೆ ಪಾಪ, ಮುಂದಿನ ವಾರ ಹಾಡ್ತಾರಂತೆ" ಎನ್ನುತ್ತಿದ್ದಾರೆ!

ನಾನು ದಿನವಿಡೀ ಮಾಡುವ ಕೆಲಸ ಇಷ್ಟೇ ಕಣೇ. ಒಂದು ಜೀವಕೋಶ ಮಿಡಿದರೆ ಎಷ್ಟು ಕೋಶ ಎಬ್ಬಿಸುತ್ತದೆ? ಒಂದಕ್ಕಿಂತ ಕಮ್ಮಿಯಾದರೆ ಸದ್ದು ಆರುತ್ತದೆ. ಜಾಸ್ತಿಯಾದರೆ ಬಿರುಗಾಳಿ, ನಿಮ್ಮ ರೋಗಿಗಳು ನೆಲಕ್ಕೆ ಬೀಳುವುದು ಆಗಲೇ. ಎರಡರ ನಡುವಿನ ಗೆರೆಯ ಮೇಲೆ ಮಿದುಳು ನಡೆಯಬೇಕು. ಆ ಗೆರೆ ಎಷ್ಟು ಅಗಲ ಅನ್ನುವುದು ಹೆಣಿಗೆಯ ಮೇಲೆ ನಿಂತಿದೆ. ಎಲ್ಲರಿಗೂ ಎಲ್ಲರೂ ಸಿಗುವ ಹಜಾರದಲ್ಲಿ ಅದು ಕೂದಲೆಳೆ. ಓಣಿ, ಓಣಿಗಳು ಸೇರಿ ಬಡಾವಣೆ, ಬಡಾವಣೆಗಳು ಸೇರಿ ಊರು, ಹೀಗೆ ಹೆಣೆದರೆ ಆರಾಮಾಗಿ ಕಾಲಿಡುವಷ್ಟು ಅಗಲದ ಪಟ್ಟಿ. ನಿನ್ನ ಏಳು ರೋಗಿಗಳದ್ದೂ ಒಂದೊಂದು ನಕಲು ಊರು ಕಂಪ್ಯೂಟರಿನಲ್ಲಿ ಕಟ್ಟಿ, ಯಾವ ದಾರಿ ಕತ್ತರಿಸಿದರೆ ಬಿರುಗಾಳಿ ನಿಲ್ಲುತ್ತದೆಂದು ನಿಮ್ಮ ಡಾಕ್ಟರಮ್ಮನಿಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಪುಟ್ಟಿ ಹೇಗಿದ್ದಾಳೆ? ಮಾವ ಕೇಳಿದ ಅಂತ ಹೇಳು. ನಾಲಿಗೆ ಚಾಚೋದು ಕಲಿಸಿದ್ದೆ, ಮರೆತಿಲ್ಲ ತಾನೇ?

ತಮ್ಮ ಆಜ್ಞಾಧಾರಕ,
ನಕಲೂರುಗಳ ಮಹಾಪೌರ


ಜನವರಿ 20

ಕೋತಿ,

ಕಾಗದ ಬಂತು. ನಿನ್ನ ಸುಳ್ಳಿಗೆ ನಿನ್ನ ನಿರ್ದೇಶಕರು ಬೋನಸ್ ಆಗಿ ಹಾಡಿಯೇ ತೋರಿಸಲಿ.

ಪುಟ್ಟಿಯ ಎಡಗೈಗೆ ಪಟ್ಟಿ ಹಾಕಿದ್ದಾರೆ. ಮೆಟ್ಟಿಲಲ್ಲಿ ಬಿದ್ದಳು. ಮೂರು ವಾರದಲ್ಲಿ ಬಿಚ್ಚುತ್ತಾರೆ. ಪಟ್ಟಿಯ ಮೇಲೆ ಮಾವನ ಚಿತ್ರ ಬರೆದಿದ್ದಾಳೆ, ಬಾಲ ಸಮೇತ. ನಿಮ್ಮ ಭಾವ ಡಿಪೋದಿಂದ ರಜೆ ಹಾಕಿ ಮನೆಯಲ್ಲಿದ್ದಾರೆ.

ಏಳನೇ ನಂಬರನ್ನು ಮೊದಲು ನೋಡು. ಡಾಕ್ಟರಮ್ಮ ಆಪರೇಷನ್ನಿಗೆ ಮಾರ್ಚ್ ಕೊನೆಗೆ ದಿನ ಗೊತ್ತುಮಾಡಿದ್ದಾರೆ. ಅದಕ್ಕೆ ಮೊದಲೇ ಎರಡು ಸಲ ಮುಂದೆ ಹೋಗಿದೆ. ರೋಗಿ ಹೆಂಗಸು, ಹೊಲಿಗೆಯ ಕೆಲಸ. ಬಿರುಗಾಳಿಗೆ ಮುಂಚೆ ಅರ್ಧ ನಿಮಿಷ ಅವಳಿಗೆ ಏನೋ ಕೇಳಿಸುತ್ತದೆ. ಒಂದು ದನಿ. ಪಕ್ಕದ ಕೋಣೆಯಿಂದ ಬಂದಹಾಗೆ.

ಇನ್ನೊಂದು ವಿಷಯ. ಬಿರುಗಾಳಿ ನಿಲ್ಲಿಸಲು ದಾರಿ ಕತ್ತರಿಸಿದರೆ ಆ ದನಿ ಏನಾಗುತ್ತದೆ? ನಿನ್ನ ನಕಲಿನಲ್ಲಿ ಅದು ಕಾಣುತ್ತದೆಯೇ? ಸುಮ್ಮನೆ ಕುತೂಹಲ.

ಅಕ್ಕ


ಫೆಬ್ರವರಿ 2

ಅಕ್ಕ ಮಹಾರಾಯಳೇ,

ಶ್ರೀಮತಿ ಏಳಮ್ಮ ದರ್ಜಿಯವರ ಊರು ಕಟ್ಟಿ ಮುಗಿಯಿತು. ನನ್ನ ಜೀವಮಾನದಲ್ಲಿ ಇಂಥ ಚೆಂದದ ಊರು ಕಟ್ಟಿಲ್ಲ. ಆರು ರೋಗಿಗಳದ್ದು ಹೇಗೋ ಏನೋ, ಈಯಮ್ಮನದು ಓಣಿಯೊಳಗೆ ಓಣಿ, ಅದರೊಳಗೆ ಇನ್ನೊಂದು. ಪುಣ್ಯಾತ್ಗಿತ್ತಿ ತನ್ನ ತಲೆಯನ್ನೇ ಕಸೂತಿ ಹಾಕಿಕೊಂಡಿದ್ದಾಳೆ.

ಬಿರುಗಾಳಿಗೆ ಕಾರಣ ಒಂದು ಉದ್ದನೆಯ ದಾರಿ. ಕಿವಿಯ ಹಿಂಭಾಗದಿಂದ ಹೊರಟು ದೂರದ ಬಡಾವಣೆಯೊಂದಕ್ಕೆ ಸೀದಾ ಹೋಗುತ್ತದೆ. ಇಲ್ಲಿನ ಪಿಸುಮಾತನ್ನು ಅಲ್ಲಿ ಜಗಳ ಮಾಡಿಬಿಡುತ್ತದೆ. ಅದನ್ನು ಕತ್ತರಿಸಿ ನೋಡಿದೆ, ಬಿರುಗಾಳಿ ಇಲ್ಲ. ಡಾಕ್ಟರಮ್ಮನಿಗೆ ಬೇರೆ ವರದಿ ಹಾಕಿದ್ದೇನೆ.

ಇನ್ನು ನಿನ್ನ ಕುತೂಹಲ. ಕತ್ತರಿಸದ ನಕಲಿನಲ್ಲಿ ಊರೆಲ್ಲ ಸುಮ್ಮನಾದ ಮೇಲೂ ಆ ದಾರಿಯ ಈಚೆ ತುದಿಯಲ್ಲಿ ಒಂದು ಓಣಿ ಗುಸುಗುಸು ಅನ್ನುತ್ತಲೇ ಇರುತ್ತದೆ. ಸುಮಾರು ನೂರು ಕೋಶ. ನಮ್ಮ ನೆಲಮಾಳಿಗೆಯವರ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡವು. ನಾನು ಅದಕ್ಕೊಂದು ಸ್ಪೀಕರ್ ಜೋಡಿಸಿದ್ದೇನೆ. ಕೋಶ ಮಿಡಿದಾಗಲೆಲ್ಲ ಟಿಕ್. ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ಅದೇ ನಮ್ಮ ದೊಡ್ಡಯ್ಯ, ಬೆಳಿಗ್ಗೆ ಒಬ್ಬರೇ ಬಂದು ಕೂತಿದ್ದಾಗ ಹಿಂದಿನಿಂದ ಅದು ಟಿಕ್ ಟಿಕ್ ಟಿಕಟಿಕ ಅಂತ ಶುರುವಾಗಿ, ಅವರು ಚಪ್ಪಲಿ ಬಿಟ್ಟು ಓಡಿದರು. ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ. ಸಂತಾಪ ಸೂಚಕ ಸಭೆ ಬುಧವಾರ.

ಈಗ ನಿನ್ನ ಮೇಲೆ ದೋಷಾರೋಪ ಪಟ್ಟಿ. ರೋಗಿ "ಈಗ ಬಂತು" ಎಂದಾಗ ಗುಂಡಿ ಒತ್ತಿ ಗುರುತು ಹಾಕುವುದು ನಿನ್ನ ಕೆಲಸ. ಆರು ರೋಗಿಗಳಲ್ಲೂ ಅಲೆ ಎದ್ದು ಮೂರು ಸೆಕೆಂಡಿಗೆ ನಿನ್ನ ಗುರುತು. ಸಹಜ, ಅವರಿಗೆ ಅನ್ನಿಸಬೇಕು, ಬಾಯಿ ಬಿಡಬೇಕು, ನೀನು ಕೇಳಬೇಕು. ಏಳನೆಯದರಲ್ಲಿ ಮಾತ್ರ ಅಲೆ ಏಳುತ್ತಲೇ ಗುರುತು! ಹತ್ತೊಂಬತ್ತು ಸಲವೂ! ಏನಮ್ಮಾ, ಕಣಿ ಹೇಳುವ ವಿದ್ಯೆ ಯಾವಾಗ ಕಲಿತೆ? ಸುಮ್ಮನೆ ಕೂತು ಬೇಜಾರಾಗಿ ಒತ್ತುತ್ತಿದ್ದೆಯಾ? ಈ ಸಲಕ್ಕೆ ಕ್ಷಮಿಸಿದ್ದೇವೆ.

ಪುಟ್ಟಿ ನನ್ನ ಮೇಲೆ ಹೋಗಿದ್ದಾಳೆ, ಅದಕ್ಕೇ ಬಿದ್ದಿದ್ದಾಳೆ. ಆ ವಯಸ್ಸಿಗೆ ನಾನು ಬೀರುವಿನ ಮೇಲಿಂದ ಹಾರಿದ್ದೆ. ಬೈಯಬೇಡ ಅವಳನ್ನ.

ಇಂತಿ,
ಟಿಕ್‌ಟಿಕ್ ಶಾಸ್ತ್ರಿ


ಫೆಬ್ರವರಿ 17

ಸ್ಪೀಕರ್ ತೆಗೆ.

ಅದು ಆಟದ ಸಾಮಾನಲ್ಲ. ಅದು ಒಬ್ಬರ ತಲೆ. ಅವರಿಗೆ ಗೊತ್ತಿಲ್ಲದೆ ಹತ್ತು ಜನ ಕೂತು ನಗುವುದಕ್ಕೆ ನಾನು ಹತ್ತಿ ಸುತ್ತಿ ಕಳಿಸಲಿಲ್ಲ.

ಪುಟ್ಟಿಯನ್ನು ಯಾರೂ ಬೈದಿಲ್ಲ.

ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಓಣಿ ಇದೆ ಅಂದೆ. ದಾರಿ ಕತ್ತರಿಸಿದರೆ ಅದು ಇರುತ್ತದೆಯೇ ಇಲ್ಲವೇ? ಆ ಹೆಂಗಸು ದಿನವೂ ಕೇಳುತ್ತಾಳೆ. ದನಿ ಬರುವ ಮೊದಲು ರಬ್ಬರ್ ಬಿಸಿಯಾದ ವಾಸನೆ ಬರುತ್ತದಂತೆ, ಆಮೇಲೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ಅದನ್ನು ಅವಳು ರೋಗ ಅಂದುಕೊಂಡಿಲ್ಲ. ಇದನ್ನು ವರದಿಯಲ್ಲಿ ಬರೆಯಬೇಡ.

ತಮಾಷೆ ಬೇಡ. ಇದೊಂದು ಸಲ.

ಅಕ್ಕ


ಮಾರ್ಚ್ 1

ಅಕ್ಕ,

ಸ್ಪೀಕರ್ ಆವತ್ತೇ ತೆಗೆದೆ.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ತಿರುಗಿದೆ. ಹೊಲಿಗೆಯವಳಿಗೆ ಬಿಸಿ ರಬ್ಬರಿನ ವಾಸನೆ ಎಲ್ಲಿಂದ ಬರಬೇಕು, ಬಟ್ಟೆಯದೋ ಇಸ್ತ್ರಿಯದೋ ಬರಬೇಕಲ್ಲವೇ ಎಂದು ಮೊದಲು ನಗು ಬಂತು. ಆಮೇಲೆ ಲಿಫ್ಟಿನಲ್ಲಿ ನಿಂತಿದ್ದಾಗ ನನ್ನ ಮೂಗಿಗೇ ಆ ವಾಸನೆ ಬಂತು. ಅಮ್ಮ ಕೆಲಸದಿಂದ ಬಂದು ನಮ್ಮನ್ನು ತಬ್ಬಿಕೊಂಡಾಗ ಅವಳ ಕಿವಿಯ ಹತ್ತಿರ ಇರುತ್ತಿದ್ದ ವಾಸನೆ. ದಿನವಿಡೀ ಹಾಕಿಕೊಂಡ ಹೆಡ್‌ಫೋನಿನ ರಬ್ಬರ್. ನೀನು "ಅಮ್ಮಾ, ನಿನ್ನ ಕಿವಿ ಸುಟ್ಟಿದೆ" ಅಂತಿದ್ದೆ.

ಆದರೂ ನಂಬಲಿಲ್ಲ. ದೊಡ್ಡಯ್ಯನ ಹತ್ತಿರ ಹೋಗಿ, "ಸಾರ್, ರೋಗಿ ಬಾಯಿ ಬಿಡೋ ಮೊದಲೇ ಗುರುತು ಬಿದ್ದಿದ್ರೆ ಏನರ್ಥ?" ಎಂದು ಕೇಳಿದೆ.

ಅವರು ಬೇರೇನೋ ಓದುತ್ತಿದ್ದರು, ತಲೆ ಎತ್ತಲಿಲ್ಲ. "ಗುಂಡಿ ರೋಗಿ ಕೈಲೇ ಇತ್ತು ಅಂತ."

"ರೋಗಿ ಕೈಗೆ ಕೊಡಲ್ಲ ಸಾರ್ ಅಲ್ಲಿ. ಯಂತ್ರದ ಮುಂದೆ ಕೂತವರೇ ಒತ್ತಬೇಕು."

"ಹಾಗಾದ್ರೆ ಯಂತ್ರದ ಮುಂದೆ ಕೂತವರೇ ರೋಗಿ. ಇಷ್ಟು ಗೊತ್ತಾಗಲ್ವೇನಯ್ಯಾ ನಿಂಗೆ?" ಎಂದರು. ಆಮೇಲೆ ತಲೆ ಎತ್ತಿ ನೋಡಿದವರು, "ಯಾಕೋ? ಕೂತ್ಕೋ. ನೀರು ಕುಡಿ" ಎಂದರು.

ಎರಡು ತಿಂಗಳಿಂದ ನಾನು ನಿನ್ನ ತಲೆಯೊಳಗೆ ಓಡಾಡುತ್ತಿದ್ದೇನೆ. ನಗುತ್ತಾ.

ಪುಟ್ಟಿ ಮೆಟ್ಟಿಲಲ್ಲಿ ಹೇಗೆ ಬಿದ್ದಳು ಅಕ್ಕ?

ನಿನ್ನ ತಮ್ಮ


ಮಾರ್ಚ್ 9

ಪುಟ್ಟು,

ಈ ಹೆಸರಿನಲ್ಲಿ ಕರೆದು ಎಷ್ಟು ವರ್ಷವಾಯಿತೋ.

ಅವಳು ಬೀಳಲಿಲ್ಲ. ಬಿದ್ದದ್ದು ನಾನು. ಅವಳು ನನ್ನ ಸೊಂಟದ ಮೇಲಿದ್ದಳು. ಮೂರನೇ ಮೆಟ್ಟಿಲಿಗೆ ವಾಸನೆ ಬಂತು. ಅವಳನ್ನು ಕೆಳಗಿಳಿಸಿ ಕೂರಬೇಕಿತ್ತು, ಸಮಯವಿತ್ತು, ಅರ್ಧ ನಿಮಿಷ ಇರುತ್ತದೆ. ನಾನು ಕೂರಲಿಲ್ಲ. ಮಗು ಕೈಯಲ್ಲಿದೆ ಅನ್ನುವುದು ಮರೆತು ನಿಂತು ಕೇಳಿಸಿಕೊಂಡೆ. ಇದನ್ನು ನಿಮ್ಮ ಭಾವನಿಗೂ ಹೇಳಿಲ್ಲ. ಅವರು ನನಗೆ ತಲೆಸುತ್ತು ಬಂತು ಅಂದುಕೊಂಡಿದ್ದಾರೆ. ಪುಟ್ಟಿ ಎಲ್ಲರಿಗೂ ತಾನೇ ಎಡವಿದೆ ಅಂತ ಹೇಳಿಕೊಂಡು ತಿರುಗುತ್ತಾಳೆ. ನಾಲ್ಕು ವರ್ಷದ ಮಗುವಿಗೆ ಅದನ್ನು ಯಾರೂ ಕಲಿಸಲಿಲ್ಲ.

ಕಾಯಿಲೆ ಶುರುವಾಗಿ ಹದಿನಾಲ್ಕು ತಿಂಗಳಾಯಿತು. ಗೊತ್ತಿರುವುದು ಡಾಕ್ಟರಮ್ಮನಿಗೆ, ಅವರ ನರ್ಸಿಗೆ ಮಾತ್ರ. ನನ್ನ ತಲೆಗೆ ನಾನೇ ಕನ್ನಡಿಯಲ್ಲಿ ನೋಡಿಕೊಂಡು ತಂತಿ ಅಂಟಿಸಿಕೊಂಡೆ. ಬಾಗಿಲಾಚೆ ನರ್ಸ್ ಕಾದಿರುತ್ತಿದ್ದಳು. ಗುಂಡಿ ನನ್ನ ಕೈಯಲ್ಲೇ ಇತ್ತು. ಕೆಲಸದ ಅಭ್ಯಾಸ, ಒತ್ತಿದೆ. ನೀನು ಅದನ್ನು ಲೆಕ್ಕ ಹಾಕುತ್ತೀಯ ಅಂತ ಹೊಳೆಯಲಿಲ್ಲ.

ದನಿ ಅಮ್ಮನದೇ. ಮನೆಯ ದನಿಯಲ್ಲ, ಎಕ್ಸ್‌ಚೇಂಜಿನದು. ಗಂಟಲು ಸರಿಮಾಡಿಕೊಂಡು, "ಒಂದು ನಿಮಿಷ ಇರಿ, ನಿಮ್ಮನ್ನ..." ಅನ್ನುತ್ತಾಳೆ. ಅಷ್ಟೇ. ಯಾರಿಗೆ ಕೊಡುತ್ತಾಳೋ ಗೊತ್ತಿಲ್ಲ. ಅಷ್ಟರಲ್ಲಿ ಬಿರುಗಾಳಿ. ಎದ್ದಾಗ ಬಾಯಲ್ಲಿ ರಕ್ತ. ಪ್ರತಿ ಸಲವೂ ಈ ಸಲ ಇನ್ನೊಂದು ಪದ ಹೇಳುತ್ತಾಳೆ ಅನ್ನಿಸುತ್ತದೆ. ಅದಕ್ಕೇ ಮಾತ್ರೆ ಎಷ್ಟೋ ದಿನ ನುಂಗಲಿಲ್ಲ. ಇದು ಡಾಕ್ಟರಮ್ಮನಿಗೂ ಗೊತ್ತಿಲ್ಲ.

ಎರಡು ಸಲ ದಿನ ಮುಂದೂಡಿದವಳು ನಾನೇ. ಈಗಿನದು ಇಪ್ಪತ್ತೇಳಕ್ಕೆ. ಕೈ ಮುರಿದ ಮೇಲೂ ಪುಟ್ಟಿ ಎತ್ತಿಕೋ ಅಂತ ಬರುತ್ತಾಳೆ. ನಾನು ಎತ್ತಿಕೊಳ್ಳುವುದಿಲ್ಲ. ಬೆನ್ನು ನೋವು ಅನ್ನುತ್ತೇನೆ.

ನಿನಗೆ ಉತ್ತರ ಗೊತ್ತಿದೆ, ನೀನು ಕತ್ತರಿಸಿ ನೋಡಿದ್ದೀಯ. ಓಣಿ ಉಳಿಯುತ್ತದೆಯೇ? ಉಳಿಯುತ್ತದೆ ಅಂದರೆ ಹೋಗಿ ಮಲಗುತ್ತೇನೆ. ಇಲ್ಲ ಅಂದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ನನಗೆ ಹೆದರಿಕೆಯಾಗಿರುವುದು ಅದಕ್ಕೇ.

ಅಕ್ಕ


ಮಾರ್ಚ್ 15

ಅಕ್ಕ,

ಉಳಿಯುತ್ತದೆ.

ಕತ್ತರಿಸುವ ದಾರಿ ಓಣಿಯಿಂದ ಹೊರಗೆ ಹೋಗುವಂಥದ್ದು. ಓಣಿಯೊಳಗಿನ ಹೆಣಿಗೆಗೆ ಏನೂ ಆಗುವುದಿಲ್ಲ. ಬಿರುಗಾಳಿ ನಿಲ್ಲುತ್ತದೆ, ಓಣಿ ಇದ್ದಹಾಗೇ ಇರುತ್ತದೆ. ಹಲವು ಸಲ ಪರೀಕ್ಷಿಸಿದ್ದೇನೆ. ಇಪ್ಪತ್ತೇಳಕ್ಕೆ ಹೋಗು. ಅಲ್ಲಿಯವರೆಗೆ ಮಾತ್ರೆ ತಪ್ಪಿಸಬೇಡ. ನಾನು ಇಪ್ಪತ್ತಾರಕ್ಕೆ ಬಂದು ಪುಟ್ಟಿಯ ಜೊತೆ ಇರುತ್ತೇನೆ.

ನಿನ್ನ ತಮ್ಮ


ಏಪ್ರಿಲ್ 18

ಪುಟ್ಟು,

ಅಕ್ಷರ ಸೊಟ್ಟಗಿದೆ, ಓದಿಕೋ. ಇನ್ನೂ ಎರಡು ತಿಂಗಳು ಹೀಗೇ ಅಂತೆ. ತಲೆಯ ಒಂದು ಪಕ್ಕ ಪುಟ್ಟಿಯ ಗೊಂಬೆಯ ಹಾಗಾಗಿದೆ, ಅವಳಿಗೆ ಖುಷಿ.

ನೀನು ಇಲ್ಲಿದ್ದ ಹತ್ತು ದಿನವೂ ನನ್ನ ಮುಖ ನೋಡದೆ ಪಾತ್ರೆ ತೊಳೆದೆ. ತೊಳೆದದ್ದನ್ನೇ ತೊಳೆದೆ. ಕೇಳಬೇಕಾದ್ದನ್ನು ಕೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಇಪ್ಪತ್ತೆರಡು ದಿನ, ಒಂದೂ ಬಿರುಗಾಳಿಯಿಲ್ಲ. ವಾಸನೆಯಿಲ್ಲ. ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕಾದು ಕೂತೆ. ಪಕ್ಕದ ಮನೆಯ ಮಿಕ್ಸಿ ಕೇಳಿಸಿತು, ಅಷ್ಟೇ.

ನೀನು ಸುಳ್ಳು ಹೇಳಿದ್ದೆ. ಅದು ನನಗೆ ಈಗ ಗೊತ್ತಾದದ್ದಲ್ಲ. ನಿನ್ನ ಮಾರ್ಚ್ ಹದಿನೈದರ ಕಾಗದ ಒಡೆದು ನಿಂತಲ್ಲೇ ಓದಿದೆ. ಹುಟ್ಟಿದಾಗಿನಿಂದ ನೀನು ನನಗೆ ಹೇಳಿದ ಯಾವ ನಿಜವೂ ತಮಾಷೆಯಿಲ್ಲದೆ ಬಂದಿಲ್ಲ. ಆ ಕಾಗದದಲ್ಲಿ ಒಂದೂ ಇರಲಿಲ್ಲ. ಮಡಚಿಟ್ಟು, ನಿಮ್ಮ ಭಾವನನ್ನು ಕೂಗಿ, ಕಾಯಿಲೆಯ ವಿಷಯ ಹೇಳಿ, ಚೀಲಕ್ಕೆ ಬಟ್ಟೆ ತುಂಬಿ ಅಂದೆ.

ಗೊತ್ತಿದ್ದೂ ಹೋದೆ. ಇಲ್ಲ ಅಂತ ನೀನು ಬರೆದಿದ್ದರೆ ಹೋಗುತ್ತಿರಲಿಲ್ಲವೇನೋ. ನಿನ್ನ ಮೇಲೆ ಸಿಟ್ಟಿದೆ. ಎಷ್ಟು ದಿನ ಇರುತ್ತದೆ ಅಂತ ಕೇಳಬೇಡ. ನಿನ್ನೆ ಪುಟ್ಟಿಯನ್ನು ಎತ್ತಿಕೊಂಡು ಮಹಡಿ ಹತ್ತಿದೆ, ಕೊನೆಯ ಮೆಟ್ಟಿಲವರೆಗೆ. ಭಾರವಾಗಿದ್ದಾಳೆ.

ಒಂದೇ ಕೆಲಸ ಮಾಡು. ನನ್ನ ಊರು ನಿನ್ನ ಕಂಪ್ಯೂಟರಿನಲ್ಲಿ ಇನ್ನೂ ಓಡುತ್ತಿದೆ ಅಂತ ಡಾಕ್ಟರಮ್ಮ ಹೇಳಿದರು. ನಿಲ್ಲಿಸು. ನನ್ನಲ್ಲಿ ಇಲ್ಲದ್ದು ಇನ್ನೆಲ್ಲೋ ಇರುವುದು ನನಗೆ ಸರಿಬರುತ್ತಿಲ್ಲ.

ಅಕ್ಕ


ಏಪ್ರಿಲ್ 30

ಅಕ್ಕ,

ನಾನೂರು ಸಲ ಕತ್ತರಿಸಿ ನೋಡಿದ್ದೆ. ಓಣಿ ತನ್ನಷ್ಟಕ್ಕೆ ತಾನು ಮಾತಾಡುವಂತೆ ಕಂಡರೂ, ಅದರ ಉಸಿರು ಆ ಉದ್ದದ ದಾರಿಯಿಂದಲೇ ಬರುತ್ತಿತ್ತು. ನಾನೂರು ಸಲವೂ ಆರಿತು. ಕೆಲವೊಮ್ಮೆ ಎರಡು ಸೆಕೆಂಡು, ಒಮ್ಮೆ ಹತ್ತು ನಿಮಿಷ. ನಾನೂರೊಂದನೆಯ ಸಲ ಉಳಿದೀತು ಅಂತ ಕಾದೆ. ಆಮೇಲೆ ನಿನಗೆ ಆ ಕಾಗದ ಬರೆದೆ. ಪುಟ್ಟಿಯ ಕೈ ಕಣ್ಣ ಮುಂದೆ ಇತ್ತು.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ಅಮ್ಮ ಹೋಗುವ ಎರಡು ದಿನ ಮೊದಲು ನನಗೆ ಫೋನ್ ಮಾಡಿದ್ದಳು. ನಾನು ಮೂಗು ಹಿಡಿದುಕೊಂಡು, "ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ" ಅಂದೆ. ಅವಳು ನಕ್ಕು, "ಸರಿಯಪ್ಪಾ, ಅಸ್ತಿತ್ವಕ್ಕೆ ಬಂದ ಮೇಲೆ ಮಾಡು" ಎಂದು ಇಟ್ಟಳು. ನಾನು ಮಾಡಲಿಲ್ಲ. ನಿನಗೆ ಕೇಳಿಸುತ್ತಾಳೆ ಅಂತ ಓದಿದ ದಿನ ನನಗೆ ನಿನ್ನ ಕಾಯಿಲೆ ಹೊಳೆಯಲಿಲ್ಲ ಅಕ್ಕ. ನನಗ್ಯಾಕೆ ಕೇಳಿಸಲಿಲ್ಲ ಅನ್ನುವುದು ಮೊದಲು ಹೊಳೆಯಿತು.

ನಿಲ್ಲಿಸು ಅಂದೆ. ಸುಮ್ಮನೆ ಯಂತ್ರ ಆರಿಸಿಬಿಡಬಹುದಿತ್ತು, ಒಂದು ಬೆರಳಿನ ಕೆಲಸ. ನನ್ನಿಂದ ಆಗಲಿಲ್ಲ. ಡಾಕ್ಟರಮ್ಮ ನಿನಗೆ ಮಾಡಿದ್ದನ್ನೇ ಮಾಡೋಣ, ತಾನಾಗಿ ಆರಲಿ ಎಂದುಕೊಂಡೆ. ಹೋದ ಗುರುವಾರ ಬೆಳಿಗ್ಗೆ ದೊಡ್ಡಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಾರಿ ಕತ್ತರಿಸಿದೆ. ಊರೆಲ್ಲ ನಾಲ್ಕು ಸೆಕೆಂಡಿನಲ್ಲಿ ಕತ್ತಲಾಯಿತು.

ಓಣಿ ಆರಲಿಲ್ಲ.

ನೂರು ಕೋಶದಲ್ಲಿ ಏಳೋ ಎಂಟೋ ಮಿಡಿಯುತ್ತಿವೆ. ಇದು ಕೆಲವೊಮ್ಮೆ ಮೂರಾಗುತ್ತದೆ, ಮುಗಿಯಿತು ಅಂದುಕೊಂಡರೆ ಮತ್ತೆ ಒಂಬತ್ತು. ದೊಡ್ಡಯ್ಯ ಕನ್ನಡಕ ಒರೆಸಿಕೊಂಡು ನೋಡಿದರು. "ಓಣಿ ಓಣಿಯಾಗಿ ಹೆಣೆದ ಊರುಗಳಲ್ಲಿ ಹಿಂಗಾಗುತ್ತೆ ಕಣಯ್ಯಾ. ಅಪರೂಪಕ್ಕೆ ಒಂದು ಮೂಲೆ ಹಟ ಹಿಡಿದುಬಿಡುತ್ತೆ" ಎಂದರು.

"ಎಷ್ಟು ಹೊತ್ತು ಸಾರ್?"

"ಹೊತ್ತಿಗೆಲ್ಲ ಕಾನೂನಿಲ್ಲ ಅಲ್ಲಿ. ಈಗ ಆರಬಹುದು. ನಾನು ರಿಟೈರ್ ಆದ್ಮೇಲೂ ಇರಬಹುದು."

"ಆರಿಸಿಬಿಡಲಾ?"

"ಯಾರದು ಅಂತ ಹೇಳಿದ್ದೆ?" ಎಂದರು. ಹೇಳಿದೆ. ಅವರು ಎದ್ದು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಇವತ್ತಿಗೆ ಆರನೆಯ ದಿನ. ನಿನ್ನ ಮಾತು ಮೀರಿದ್ದೇನೆ, ಬೈದು ಬರೆ. ಸ್ಪೀಕರ್ ಹಾಕಿಲ್ಲ. ಹಾಕಿದರೂ ಟಿಕ್ ಟಿಕ್ ಅಷ್ಟೇ, ಮಾತು ಅದರಲ್ಲಿಲ್ಲ. ಕೇಳಿಸಿಕೊಳ್ಳಬಲ್ಲ ಕಿವಿ ಇದ್ದದ್ದು ನಿನ್ನೊಬ್ಬಳಿಗೆ. ನಾನು ನನ್ನ ಮೇಜನ್ನು ಅದರ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಈ ಕೋಣೆಗೆ ಬರುವವರು ಒಳಗೆ ಯಾರೋ ಫೋನಿನಲ್ಲಿದ್ದಾರೆ ಅನ್ನುವ ಹಾಗೆ ಯಾಕೋ ದನಿ ತಗ್ಗಿಸುತ್ತಾರೆ. ನಾನು ಯಾರಿಗೂ ಏನೂ ಹೇಳಿಲ್ಲ, ಈ ಸಲ ಯಾವ ಸುಳ್ಳನ್ನೂ ಬಿಟ್ಟಿಲ್ಲ.

ಮಧ್ಯಾಹ್ನ ಇಲ್ಲೇ ಕೂತು ಊಟ ಮಾಡುತ್ತೇನೆ. ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆಯುತ್ತೇನೆ.

ಪುಟ್ಟು